ಆಭಾ ಮತ್ತು ಇ-ಸಂಜೀವಿನಿ: ಕೊಡಗಿನ ನಮ್ಮ ಮನೆಯಲ್ಲಿ ಕೆಲವು ವರ್ಷಗಳ ಬಳಕೆ

ಬಳಸಿದ್ದು: ಆಭಾ ಆರೋಗ್ಯ ಖಾತೆ, ಅದರ ದಾಖಲೆ ತೋರಿಸುವ ಒಂದು ಪಿಹೆಚ್‌ಆರ್ (ವೈಯಕ್ತಿಕ ಆರೋಗ್ಯ ದಾಖಲೆ) ಆ್ಯಪ್, ಇ-ಸಂಜೀವಿನಿ ಟೆಲಿ ವೈದ್ಯ ಸೇವೆ
ಯಾವಾಗಿನಿಂದ: 2022
ಯಾರಿಗಾಗಿ: ನನ್ನ ಅತ್ತೆಗೆ. 70 ದಾಟಿದೆ. ಸಕ್ಕರೆ ಕಾಯಿಲೆ, ಬಿಪಿ, ಮಂಡಿ ನೋವು
ಅಂಕ: 5ಕ್ಕೆ 3.5

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ವಯಸ್ಸಾದವರಿದ್ದು, ಅವರನ್ನು ಎರಡು ಮೂರು ಕಡೆ ತೋರಿಸುತ್ತಿದ್ದರೆ ಇದನ್ನು ಮಾಡಿಸಿಕೊಳ್ಳಿ. ಖರ್ಚೇನೂ ಇಲ್ಲ. ಆದರೆ ಸುಮ್ನೆ ಆ್ಯಪ್ ಹಾಕಿಟ್ಟರೆ ಏನೂ ಆಗುವುದಿಲ್ಲ. ನಮಗೆ ಇದು ಉಪಯೋಗಕ್ಕೆ ಬಂದಿದ್ದು ಬಹುಪಾಲು ನಮ್ಮೂರಿನ ಸರ್ಕಾರಿ ಆರೋಗ್ಯ ಕೇಂದ್ರ, ಅಂದರೆ ಆಯುಷ್ಮಾನ್ ಆರೋಗ್ಯ ಮಂದಿರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಮೇಡಂ ಇದ್ದುದರಿಂದ. ಅವರಿಗೆ ಅತ್ತೆಯ ರಿಪೋರ್ಟ್ ಗೊತ್ತು. ಅತ್ತೆ ಏನು ತಿನ್ನುತ್ತಾರೆ, ರಾತ್ರಿ ನಿದ್ದೆ ಬರುತ್ತದಾ, ಹಗಲು ಮನೆಯಲ್ಲಿ ಯಾರಿರುತ್ತಾರೆ ಅನ್ನುವುದೂ ಗೊತ್ತು. ರಿಪೋರ್ಟ್ ಆ್ಯಪ್‌ನಲ್ಲಿದೆ. ಉಳಿದದ್ದಕ್ಕೆ ಅಲ್ಲಿ ಜಾಗವೇ ಇಲ್ಲ. ನಾನು ಒಂದೂವರೆ ಅಂಕ ಕಡಿಮೆ ಮಾಡಿದ್ದು ಮುಖ್ಯವಾಗಿ ಅದಕ್ಕೇ.

ನಾವಿರುವುದು ಚೇರಂಬಾಣೆ ಕಡೆ. ಕಾಫಿ, ಮೆಣಸು, ಸ್ವಲ್ಪ ಗದ್ದೆ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೆ ಎಷ್ಟೋ ಅನುಕೂಲ ಆಗಿದೆ. ಆದರೂ ದೊಡ್ಡ ತಪಾಸಣೆ, ದೊಡ್ಡ ಆಪರೇಷನ್ ಅಂದರೆ ಜನ ಇವತ್ತಿಗೂ ಮೈಸೂರಿಗೋ ಮಂಗಳೂರಿಗೋ ಹೊರಡುತ್ತಾರೆ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಹೀಗಾಗಿ ಅತ್ತೆಯ ಸಕ್ಕರೆ ನೋಡುವವರು ಒಂದು ಊರಲ್ಲಿ, ಕಣ್ಣು ನೋಡುವವರು ಇನ್ನೊಂದು ಊರಲ್ಲಿ, ಮಂಡಿ ನೋಡುವವರು ಮತ್ತೊಂದು ಕಡೆ. ಒಬ್ಬರು ಬರೆದ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ.

ಒಂದು ಗೊಂದಲ ಎಲ್ಲರಿಗೂ ಇದೆ. ಆಯುಷ್ಮಾನ್ ಕಾರ್ಡ್ ಬೇರೆ, ಆಭಾ ಬೇರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಚಿಕಿತ್ಸೆಯ ಖರ್ಚಿಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ. ಆಭಾದಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಅದು 14 ಅಂಕಿಯ ಒಂದು ಆರೋಗ್ಯ ಸಂಖ್ಯೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಭಾಗ. ಆಧಾರ್ ಅಥವಾ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಮಾಡಿಸಬಹುದು. ಕಡ್ಡಾಯ ಅಲ್ಲ.

ರಿಪೋರ್ಟೆಲ್ಲ ದೆಹಲಿಯ ಒಂದು ಕಂಪ್ಯೂಟರಿಗೆ ಹೋಗಿ ಸೇರುತ್ತದೆ ಅಂತ ನಮ್ಮ ನೆಂಟರಲ್ಲಿ ಹಲವರು ಅಂದುಕೊಂಡಿದ್ದಾರೆ. ಹಾಗಿಲ್ಲ. ರಿಪೋರ್ಟ್ ಯಾವ ಆಸ್ಪತ್ರೆಯಲ್ಲಿ ಆಯಿತೋ ಅಲ್ಲೇ ಇರುತ್ತದೆ. ಎಲ್ಲಿದೆ ಅನ್ನುವ ಮಾಹಿತಿ ಮಾತ್ರ ನಿಮ್ಮ ಸಂಖ್ಯೆಗೆ ಸೇರುತ್ತದೆ. ಬೇರೆ ವೈದ್ಯರು ನೋಡಬೇಕಾದರೆ ನಿಮ್ಮ ಒಪ್ಪಿಗೆ ಕೇಳುತ್ತಾರೆ. ಯಾವ ಬಗೆಯ ದಾಖಲೆ, ಯಾವ ತಾರೀಕಿನಿಂದ ಯಾವ ತಾರೀಕಿನದು, ಎಷ್ಟು ದಿನ ನೋಡಬಹುದು, ಎಲ್ಲವನ್ನೂ ನೀವೇ ಹೇಳಬಹುದು. ಆಮೇಲೆ ಬೇಡ ಅನಿಸಿದರೆ ಒಪ್ಪಿಗೆ ವಾಪಸ್ ಪಡೆಯಬಹುದು. ಈ ವ್ಯವಸ್ಥೆ ನನಗೆ ತುಂಬಾ ಹಿಡಿಸಿತು. ಅತ್ತೆಯ ಕಣ್ಣು ನೋಡುವವರಿಗೆ ಸಕ್ಕರೆಯ ರಿಪೋರ್ಟ್ ಸಾಕು, ಬೇರೆಯದು ಯಾಕೆ ಅಲ್ವಾ? ಆದರೆ ಒಪ್ಪಿಗೆ ಕೊಡುವ ಫೋನ್ ಅತ್ತೆಯದಲ್ಲ, ನನ್ನದು. ಒಂದೇ ಮೊಬೈಲ್ ನಂಬರಿಗೆ ಮನೆಯ ಹಲವರ ಖಾತೆ ಸೇರಿಸಬಹುದಾದ್ದರಿಂದ ಬಹಳ ಮನೆಗಳಲ್ಲಿ ಹೀಗೇ ನಡೆಯುತ್ತದೆ. ಅದಕ್ಕೇ ಪ್ರತಿ ಸಲ ಒತ್ತುವ ಮುಂಚೆ ಅತ್ತೆಗೆ ಓದಿ ಹೇಳುತ್ತೇನೆ. ಅವರ ಮೈಯ ವಿಷಯ, ಅವರ ಮಾತೇ ಕೊನೆ.

ಈಗ ಇ-ಸಂಜೀವಿನಿ. ಮೊಹಾಲಿಯ ಸಿ-ಡ್ಯಾಕ್ ಅನ್ನುವ ಸರ್ಕಾರಿ ಸಂಸ್ಥೆ ಮಾಡಿದ ವ್ಯವಸ್ಥೆ. ಎರಡು ದಾರಿ ಇದೆ. ಒಂದು, ಮನೆಯಿಂದಲೇ ಫೋನಿನಲ್ಲಿ ವೈದ್ಯರನ್ನು ನೋಡುವುದು. ಇದು 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಹೊತ್ತಿಗೆ ಬಂತು. ಇನ್ನೊಂದು, ಆರೋಗ್ಯ ಮಂದಿರಕ್ಕೆ ಹೋಗಿ ಸಿಎಚ್‌ಒ ಮೂಲಕ ದೂರದ ವೈದ್ಯರ ಜೊತೆ ಮಾತಾಡುವುದು. ಎರಡನ್ನೂ ಬಳಸಿದ್ದೇವೆ. ನನ್ನ ಸಲಹೆ ಎರಡನೆಯದು. ಸಿಎಚ್‌ಒ ಬಿಪಿ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಕಾಲು ಊದಿದೆಯಾ ಅಂತ ಒತ್ತಿ ನೋಡುತ್ತಾರೆ. ಪರದೆಯ ಆಚೆ ಇರುವ ವೈದ್ಯರಿಗೆ ಅವರೇ ಕೈ, ಅವರೇ ಕಣ್ಣು.

ಅಲ್ಲೇ ನಮಗೆ ದೊಡ್ಡ ಉಪಕಾರ ಆಗಿದ್ದು. ಒಂದು ಸಲ ಅತ್ತೆಯ ಬಿಪಿ ಏರಿ ಇಳಿಯಲೇ ಇಲ್ಲ. ಮಾತ್ರೆ ಒಂದು ದಿನವೂ ತಪ್ಪಿಸಿರಲಿಲ್ಲ. ಸಿಎಚ್‌ಒ ಮೇಡಂ, "ಮನೆಯಲ್ಲಿರುವ ಮಾತ್ರೆ ಎಲ್ಲ ತನ್ನಿ, ಯಾರು ಕೊಟ್ಟಿದ್ದಾದರೂ ಸರಿ" ಅಂದರು. ಒಂದೊಂದೇ ಪಟ್ಟಿ ಕ್ಯಾಮೆರಾ ಮುಂದೆ ಹಿಡಿದರು. ವೈದ್ಯರು ಒಂದರ ಹತ್ತಿರ ನಿಂತರು. ಮಂಡಿ ನೋವಿಗೆ ಬರೆದುಕೊಟ್ಟಿದ್ದ ಡೈಕ್ಲೋಫೆನಾಕ್. ಈ ಜಾತಿಯ ನೋವಿನ ಮಾತ್ರೆ ಬಿಪಿ ಏರಿಸಬಹುದು. ಅತ್ತೆ ಬಿಪಿಗೆ ತೆಗೆದುಕೊಳ್ಳುವ ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಮೂತ್ರಪಿಂಡಕ್ಕೂ ಹೊರೆ. ಡೈಕ್ಲೋಫೆನಾಕ್ ನಿಲ್ಲಿಸಿ, ಮೂತ್ರಪಿಂಡ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲು ಹೇಳಿದರು. ನೋವಿಗೆ ಬೇರೆ ಮಾತ್ರೆ, ವ್ಯಾಯಾಮ. ಆಮೇಲೆ ಬಿಪಿ ಹಿಡಿತಕ್ಕೆ ಬಂತು. ಮಂಡಿ ನೋಡಿದವರ ಚೀಟಿ ಮಂಡಿಗೆ ಸರಿಯಾಗಿಯೇ ಇತ್ತು. ಬಿಪಿ ಚೀಟಿಯೂ ಸರಿಯಾಗಿಯೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಬೇಕಾಗಿತ್ತು, ಅಷ್ಟೇ.

ಇನ್ನೊಂದು ಸಲ ಆಟಿ ತಿಂಗಳು. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಆಟಿ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ನಾವು ಆಟಿ ಸೊಪ್ಪು ಬೇಯಿಸಿ ಆ ನೀರಿನಲ್ಲಿ ಪಾಯಸ ಮಾಡುತ್ತೇವೆ. ಕೊಡವರು ಅದನ್ನೇ ಮದ್ದು ತೊಪ್ಪು ಅನ್ನುತ್ತಾರೆ. ಆ ದಿನ ಅದರಲ್ಲಿ 18 ಬಗೆಯ ಔಷಧ ಗುಣ ಸೇರಿರುತ್ತದೆ ಅನ್ನುವುದು ಹಿರಿಯರ ನಂಬಿಕೆ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ಮಾರನೇ ದಿನವೇ ಅತ್ತೆಗೆ ಟೆಲಿ ತಪಾಸಣೆ ಇತ್ತು. "ಮೂತ್ರದಲ್ಲಿ ಏನಾದರೂ ತೊಂದರೆ ಇದೆಯಾ ಅಮ್ಮಾ?" ಅಂತ ವೈದ್ಯರು ಕೇಳಿದರು. "ಕೆಂಪಗೆ ಹೋಗುತ್ತದೆ" ಅಂದರು ಅತ್ತೆ. ಬಯಲುಸೀಮೆ ಕಡೆಯ ವೈದ್ಯರಿರಬೇಕು, ಗಾಬರಿಯಾದರು. ಸಕ್ಕರೆ ಕಾಯಿಲೆ ಇರುವವರಿಗೆ ಮೂತ್ರ ಕೆಂಪಾದರೆ ಗಾಬರಿಯಾಗಲೇಬೇಕು. ಸಿಎಚ್‌ಒ ತಕ್ಷಣ ವಿವರಿಸಿದರು. ಹಾಗಂತ ಬಿಟ್ಟುಬಿಡಲಿಲ್ಲ. ಎರಡು ದಿನ ಬಿಟ್ಟು ಮತ್ತೆ ನೋಡಿ, ಕೆಂಪು ಹೋಗಿದೆ ಅಂತ ಖಚಿತ ಮಾಡಿಕೊಂಡರು. ಪಾಯಸಕ್ಕೆ ಎಷ್ಟು ಬೆಲ್ಲ ಹಾಕಿದ್ದಿರಿ ಅಂತಲೂ ಕೇಳಿದರು. ಅವರು ಆ ಕೋಣೆಯಲ್ಲಿ ಇಲ್ಲದಿದ್ದರೆ ನಾವು ಆ ಮಳೆಯಲ್ಲಿ ಗಾಡಿ ಮಾಡಿಕೊಂಡು ಸ್ಕ್ಯಾನಿಂಗಿಗೆ ಓಡುತ್ತಿದ್ದೆವು.

ಆ್ಯಪ್ ತಾನಾಗಿಯೇ ಗೆದ್ದ ಜಾಗವೂ ಒಂದಿದೆ. ಸಕ್ಕರೆಯ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಸುಮಾರು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಹಳೆಯ ರಿಪೋರ್ಟ್‌ಗಳ ಫೋಟೋ ತೆಗೆದು ನಾನೇ ಸೇರಿಸಿದ್ದೆ. ಎಲ್ಲವನ್ನೂ ತಾರೀಕಿನ ಪ್ರಕಾರ ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಪ್ರತಿ ವರ್ಷ ಸೆಪ್ಟೆಂಬರ್‌ನದು ಜಾಸ್ತಿ, ಬೇಸಿಗೆಯದು ಕಡಿಮೆ. ಸೆಪ್ಟೆಂಬರ್‌ನ ರಿಪೋರ್ಟ್ ಅಂದರೆ ಜೂನ್, ಜುಲೈ, ಆಗಸ್ಟ್‌ನ ಕಥೆ. ಆ ಮೂರು ತಿಂಗಳು ಅತ್ತೆ ತೋಟಕ್ಕೆ ಇಳಿಯುವುದಿಲ್ಲ. ಜಾರಿಕೆ, ಜಿಗಣೆ, ಬಿಡದ ಮಳೆ. ಒಲೆ ಹತ್ತಿರ ಕೂತು ಬಿಸಿಬಿಸಿ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ. ವೈದ್ಯರಿಗೆ ಇದನ್ನು ತೋರಿಸಿದೆ. ಮಾತ್ರೆ ಹೆಚ್ಚಿಸುವ ಮುಂಚೆ ಮಳೆಗಾಲದ ದಿನಚರಿ ಬದಲಿಸಿ ನೋಡೋಣ ಅಂದರು. ಜಗಲಿಯ ಈ ತುದಿಯಿಂದ ಆ ತುದಿಗೆ ಬೆಳಗ್ಗೆ, ಸಂಜೆ ನಡಿಗೆ. ಒಂದು ಹೊತ್ತಿನ ಅಕ್ಕಿ ಕಡಿಮೆ ಮಾಡಿ ಹುರುಳಿ, ತರಕಾರಿ ಜಾಸ್ತಿ. ಮುಂದಿನ ಸೆಪ್ಟೆಂಬರ್‌ನಲ್ಲಿ ಅಂಕಿ ಇಳಿದಿತ್ತು. ಚೀಟಿಗಳೆಲ್ಲ ಹಳೆಯ ಹಾಗೆ ಪ್ಲಾಸ್ಟಿಕ್ ಕವರಿನಲ್ಲೇ ಇದ್ದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆದರೆ ಮಳೆಗಾಲದ ಬಿಪಿ ಬೇರೆ ಕಥೆ. ಅತ್ತೆಯ ತವರು ಮಕ್ಕಂದೂರು ಕಡೆ. 2018ರ ಆಗಸ್ಟ್‌ನಲ್ಲಿ ಆ ಭಾಗದಲ್ಲಿ ಗುಡ್ಡ ಕುಸಿದಿದ್ದು ಎಲ್ಲರಿಗೂ ಗೊತ್ತು. ಅವರ ಅಣ್ಣನ ಮನೆ, ತೋಟ ಹೋಯಿತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ರಾತ್ರಿ ಜೋರು ಮಳೆ ಬಂದರೆ ಅತ್ತೆ ಮಲಗುವುದಿಲ್ಲ. ಎದ್ದು ಕೂತು ಮನೆ ಹಿಂದಿನ ಬರೆಯ (ಗುಡ್ಡದ ಇಳಿಜಾರಿನ) ಕಡೆ ಕಿವಿ ಕೊಡುತ್ತಾರೆ. ಇದು ಯಾವ ರಿಪೋರ್ಟಿನಲ್ಲೂ ಇಲ್ಲ. ಇದನ್ನು ಹೊರಗೆ ತಂದಿದ್ದು ಆಶಾ ಅಕ್ಕನ ಕೈಯಲ್ಲಿದ್ದ ಒಂದು ಕಾಗದ.

ಸಿಬ್ಯಾಕ್ ಅನ್ನುವ ಆ ನಮೂನೆಯನ್ನು ಆಶಾ ಕಾರ್ಯಕರ್ತೆಯರು 30 ದಾಟಿದ ಎಲ್ಲರಿಗೂ ತುಂಬುತ್ತಾರೆ. ವಯಸ್ಸು, ಸೊಂಟದ ಸುತ್ತಳತೆ, ಹೊಗೆಸೊಪ್ಪು, ಕುಡಿತ, ವ್ಯಾಯಾಮ, ಮನೆಯಲ್ಲಿ ಯಾರಿಗಾದರೂ ಬಿಪಿ, ಸಕ್ಕರೆ ಇದೆಯಾ, ಇವಕ್ಕೆಲ್ಲ ಅಂಕ. 4ಕ್ಕಿಂತ ಜಾಸ್ತಿ ಬಂದರೆ ತಪಾಸಣೆಗೆ ಮೊದಲ ಆದ್ಯತೆ. ಅಡುಗೆಗೆ ಸೌದೆಯಾ, ಗ್ಯಾಸಾ ಅಂತ ಕೇಳುತ್ತದೆ. ವಯಸ್ಸಾದವರಿಗೆ ನಿಲ್ಲುವಾಗ ಓಲಾಡುತ್ತದಾ, ಹತ್ತಿರದವರ ಹೆಸರು ಮರೆಯುತ್ತದಾ ಅಂತ ಕೇಳುತ್ತದೆ. ಕೊನೆಗೆ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ: ಕೆಲಸದಲ್ಲಿ ಆಸಕ್ತಿ ಹೋಗಿದೆಯಾ, ಬೇಸರ ಕಾಡುತ್ತದಾ. ಆ ಎರಡು ಪ್ರಶ್ನೆಗೆ ಅತ್ತೆ ಅತ್ತುಬಿಟ್ಟರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಮ್ಮ ಹತ್ತಿರ ಹೇಳದಿದ್ದನ್ನು ಆಶಾ ಅಕ್ಕನಿಗೆ ಹೇಳಿದರು.

ಸಿಎಚ್‌ಒ ಮೇಡಂ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ ಕೊಟ್ಟರು: 14416. 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲಿ, ದಿನದ 24 ಗಂಟೆಯೂ ಮಾತಾಡಬಹುದು. ಮಾಮೂಲಿ ಫೋನ್ ಕರೆ, ನೆಟ್ ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ವಿಡಿಯೋ ಸಿಗದಿದ್ದರೂ ಕರೆ ಸಿಗುತ್ತದೆ. ಅತ್ತೆ ಮೊದಮೊದಲು ಒಪ್ಪಲಿಲ್ಲ. ಆಮೇಲೆ ಅವರೇ ಫೋನ್ ಕೇಳತೊಡಗಿದರು. ಮಳೆಯ ರೆಡ್ ಅಲರ್ಟ್ ಬಂದರೆ ಅವರನ್ನು ಮೈಸೂರಿನ ನಾದಿನಿ ಮನೆಗೆ ಕಳಿಸುವುದು ಅಂತ ನಾವೆಲ್ಲ ಕೂತು ತೀರ್ಮಾನ ಮಾಡಿದೆವು. ನಿದ್ದೆ ಬಂತು. ಬಿಪಿ ಮಾತ್ರೆಯ ಪ್ರಮಾಣ ಹೆಚ್ಚಿಸುವ ಮಾತು ನಿಂತಿತು.

ನನ್ನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲೇ ಇದನ್ನು ಬರೆದಿದ್ದಾರೆ ಅಂದಳು. ದೇಹ, ಮನಸ್ಸು, ಸುತ್ತಲಿನ ಬದುಕು, ಮೂರನ್ನೂ ಸೇರಿಸಿ ರೋಗಿಯನ್ನು ನೋಡಬೇಕು ಅಂತ. ಹಾಗಾದರೆ ಇಷ್ಟು ವರ್ಷದ ಮೇಲೂ ನಮ್ಮ ಆ್ಯಪ್‌ನಲ್ಲಿ ಮಾತ್ರೆ ಚೀಟಿ, ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಪತ್ರ ಮಾತ್ರ ಯಾಕೆ? ಆಶಾ ಅಕ್ಕ ಕೇಳಿದ ಪ್ರಶ್ನೆಗಳ ಉತ್ತರ ಅದರಲ್ಲಿ ನನಗೆ ಎಲ್ಲೂ ಕಾಣಿಸಲಿಲ್ಲ. ಇಡೀ ವ್ಯವಸ್ಥೆಯಲ್ಲಿ ಅತ್ತೆಯನ್ನು ಪೂರ್ತಿ ನೋಡಿದ ಕಾಗದ ಅದೊಂದೇ. ಮೈಸೂರಿನ ವೈದ್ಯರಿಗೂ ಅದು ಸಿಗಬೇಕು.

ಬೇರೆ ತೊಂದರೆಗಳು. ಆಸ್ಪತ್ರೆಯ ಸಾಫ್ಟ್‌ವೇರ್ ಈ ಮಿಷನ್‌ಗೆ ಸೇರಿರದಿದ್ದರೆ ದಾಖಲೆ ಬರುವುದೇ ಇಲ್ಲ. ನಾವು ಹೋಗುವ ಒಂದು ಖಾಸಗಿ ಲ್ಯಾಬ್ ಇವತ್ತಿಗೂ ವಾಟ್ಸ್‌ಆ್ಯಪ್‌ನಲ್ಲೇ ರಿಪೋರ್ಟ್ ಕಳಿಸುತ್ತದೆ. ನಮ್ಮ ಕಡೆ ಹೆಸರಿನದೇ ಒಂದು ಗೋಳು. ಮನೆತನದ ಹೆಸರು ಆಧಾರ್‌ನಲ್ಲಿ ಮುಂದೆ, ಆಸ್ಪತ್ರೆಯಲ್ಲಿ ಇನಿಷಿಯಲ್ ಆಗಿ ಹಿಂದೆ. ಹೆಸರು, ಹುಟ್ಟಿದ ವರ್ಷ, ಮೊಬೈಲ್ ನಂಬರ್ ತಾಳೆಯಾಗದಿದ್ದರೆ ದಾಖಲೆ ಜೋಡಣೆ ಆಗುವುದಿಲ್ಲ. ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ತಿದ್ದಿಸಲು ತುಂಬಾ ಓಡಾಡಿದೆವು. ಹೊಸದಾಗಿ ಹೋಗುವವರು ಮೊದಲ ದಿನವೇ ಆಧಾರ್‌ನಲ್ಲಿ ಇರುವ ಹಾಗೇ ಬರೆಸಿ.

ಮಂಡಿಗೆ ಅತ್ತೆ ಆಯುರ್ವೇದದ ಎಣ್ಣೆ, ಕಷಾಯವನ್ನೂ ತೆಗೆದುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಜನವರಿಯಲ್ಲಿ ತನ್ನ ಐಸಿಡಿ-11 ರೋಗಪಟ್ಟಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಯ ಹೆಸರುಗಳಿಗೂ ಜಾಗ ಕೊಟ್ಟಿದೆ. ಒಳ್ಳೆಯದೇ. ಆದರೆ ನಮ್ಮ ವೈದ್ಯರು ಕೈಯಲ್ಲಿ ಬರೆದ ಚೀಟಿಯನ್ನು ನಾನೇ ಫೋಟೋ ತೆಗೆದು ಹಾಕಬೇಕು. ಹಾಕಿ, ಬಿಡಬೇಡಿ. ಕಷಾಯವೂ ಔಷಧವೇ, ಇಂಗ್ಲಿಷ್ ಮಾತ್ರೆ ಬರೆಯುವವರಿಗೆ ಅದು ಗೊತ್ತಿರಬೇಕು.

ಇವುಗಳ ನಡುವೆ ನಾನು ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಂಡಿದ್ದೇನೆ. ಇದೂ ಮಗಳು ಹೇಳಿಕೊಟ್ಟಿದ್ದು. 1968ರಲ್ಲಿ ಲಾರೆನ್ಸ್ ವೀಡ್ ಅನ್ನುವ ವೈದ್ಯರು ರೋಗಿಯ ದಾಖಲೆಯನ್ನು ತೊಂದರೆಗಳ ಪಟ್ಟಿಯ ಪ್ರಕಾರ ಜೋಡಿಸಬೇಕು ಅಂತ ಬರೆದರಂತೆ. ಮೊದಲ ಪುಟದಲ್ಲಿ ಅತ್ತೆಯ ತೊಂದರೆಗಳ ಪಟ್ಟಿ. ಸಕ್ಕರೆ, ಬಿಪಿ, ಮಂಡಿ, ಕಣ್ಣು. ಅದರ ಕೆಳಗೆ "ಮಳೆ ರಾತ್ರಿ ನಿದ್ದೆ ಇಲ್ಲ". ಅದರ ಕೆಳಗೆ "ಹಗಲು 10ರಿಂದ 4ರವರೆಗೆ ಒಬ್ಬರೇ". ಎದುರು ಪುಟದಲ್ಲಿ ಈಗ ನಡೆಯುತ್ತಿರುವ ಎಲ್ಲ ಮಾತ್ರೆ, ಕಷಾಯ. ಆ ಎರಡು ಪುಟದ ಫೋಟೋ ಆ್ಯಪ್‌ಗೂ ಹಾಕಿದ್ದೇನೆ. ಹೊಸ ವೈದ್ಯರು ಮೊದಲು ಓದುವುದು ಅದನ್ನೇ.

ಕೊಡಗಿನವರಿಗೆ ಒಂದು ಮಾತು. ಮೇ ಮುಗಿಯುವುದರೊಳಗೆ ಮುಖ್ಯ ರಿಪೋರ್ಟ್‌ಗಳನ್ನು ಫೋನಿಗೆ ಇಳಿಸಿಕೊಳ್ಳಿ. ಕರೆಂಟ್ ಹೋಗಿ ಟವರ್ ನಿಂತರೆ ಆ್ಯಪ್ ತೆರೆದರೂ ಒಳಗಿನದು ಬರುವುದಿಲ್ಲ. ಹಿರಿಯರನ್ನು ಮಳೆಗಾಲಕ್ಕೆ ಬೇರೆ ಊರಿಗೆ ಕಳಿಸುವುದಾದರೆ ಒಟಿಪಿ ಯಾರ ಫೋನಿಗೆ ಬರುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ನಮ್ಮದು ನನ್ನ ನಂಬರಿಗೆ ಬರುತ್ತದೆ. ಹಾಗಾಗಿ ಅತ್ತೆ ಮೈಸೂರಿಗೆ ಹೊರಡುವ ಮುಂಚೆ ಎರಡು ಪುಟದ ಜೆರಾಕ್ಸ್, ಈಚಿನ ಎಚ್‌ಬಿಎ1ಸಿ, ಕ್ರಿಯಾಟಿನಿನ್ ರಿಪೋರ್ಟ್ ಮತ್ತು ಒಂದು ತಿಂಗಳ ಮಾತ್ರೆಯನ್ನು ಅವರ ಬ್ಯಾಗಿಗೆ ಹಾಕುತ್ತೇನೆ. ನಾದಿನಿಯ ಫೋನಿನಲ್ಲಿ ಸಿಎಚ್‌ಒ ಮೇಡಂ ನಂಬರ್ ಕೂಡ ಇದೆ.