16 ಪಿಕ್ಸೆಲ್‌ನ ಸಪ್ಲೈಯರ್‌ಗೆ ನೆರಳು ಎಲ್ಲಿ ಹಾಕೋದು?

ಮುಂಬಯಿಯ ಮಾಟುಂಗಾದ ಉಡುಪಿ ಹೋಟೆಲಿನ ಸಪ್ಲೈಯರ್ ಒಬ್ಬನನ್ನು ಗೇಮ್ ಬಾಯ್ (ಕೈಯಲ್ಲಿ ಹಿಡಿದು ಆಡುವ ಹಳೇ ವಿಡಿಯೋ ಗೇಮ್ ಯಂತ್ರ) ಸ್ಟೈಲಿನಲ್ಲಿ ಬಿಡಿಸುತ್ತಿದ್ದೇನೆ. 16×16 ಪಿಕ್ಸೆಲ್, ಬಿಳಿ ಶರ್ಟು, ಕೈಯಲ್ಲಿ ಟ್ರೇ. ಔಟ್‌ಲೈನ್ ಬೇಗ ಮುಗಿಯಿತು, ತಲೆನೋವು ಶುರುವಾಗಿದ್ದು ಶೇಡಿಂಗ್‌ನಲ್ಲಿ. ಅದಕ್ಕೇ ಬೇರೆ ಬೇರೆ ಥರ ನೆರಳು ಹಾಕಿ, ಡೊಂಬಿವಲಿ ಲೋಕಲ್‌ನಲ್ಲಿ ಮೊಬೈಲಿನ ಎಮ್ಯುಲೇಟರ್‌ನಲ್ಲೂ (ಆ ಯಂತ್ರದಂತೆ ನಟಿಸುವ ಆ್ಯಪ್), ಮನೆಯಲ್ಲಿ ಫ್ಲ್ಯಾಶ್ ಕಾರ್ಟ್ (ನಮ್ಮದೇ ಫೈಲ್ ತುಂಬಿಸಬಹುದಾದ ಗೇಮ್ ಕ್ಯಾಸೆಟ್) ಹಾಕಿ ಹಳೇ ಯಂತ್ರಗಳಲ್ಲೂ ಓಡಿಸಿ ನೋಡಿದೆ.

1989ರ ಗೇಮ್ ಬಾಯ್ ತೋರಿಸುವುದೇ ನಾಲ್ಕು ಛಾಯೆ. ಸ್ಪ್ರೈಟ್‌ಗೆ, ಅಂದರೆ ಪರದೆ ಮೇಲೆ ಓಡಾಡುವ ಇಂಥ ಪುಟ್ಟ ಚಿತ್ರಕ್ಕೆ, ಅದರಲ್ಲೂ ಮೂರೇ, ಯಾಕಂದ್ರೆ ಅದರ ಪ್ಯಾಲೆಟ್ಟಿನ (ಬಣ್ಣಗಳ ಪಟ್ಟಿಯ) ಒಂದು ಜಾಗ ಪಾರದರ್ಶಕಕ್ಕೆ ಹೋಗುತ್ತದೆ. ಔಟ್‌ಲೈನಿಗೆ ಕಪ್ಪು, ಮೈಗೆ ಬಿಳಿ ಕೊಟ್ಟರೆ ನೆರಳಿಗೆ ಉಳಿಯುವುದು ಒಂದೇ ಬೂದು. ಅದನ್ನು ಎಲ್ಲಿಡಬೇಕು ಅನ್ನುವುದೇ ಇಡೀ ಜಗಳ.

ಪಿಲ್ಲೋ ಶೇಡಿಂಗ್, ಅಂದರೆ ಅಂಚಿನ ಸುತ್ತ ಬೂದು, ನಡುವೆ ಬಿಳಿ. ಸುಮ್ನೆ ಟೈಮ್ ವೇಸ್ಟ್. ಬೆಳಕು ಯಾವ ಕಡೆಯಿಂದ ಅಂತಲೇ ಗೊತ್ತಾಗಲ್ಲ, ತೋಳು ಹೊಟ್ಟೆ ಎಲ್ಲ ಊದಿಕೊಂಡಂತೆ ಕಾಣುತ್ತವೆ.

ಡಿದರಿಂಗ್ ಮೇಲೆ ಆಸೆ ಜಾಸ್ತಿ ಇತ್ತು. ಬೂದು, ಬಿಳಿ ಪಿಕ್ಸೆಲ್‌ಗಳನ್ನು ಒಂದು ಬಿಟ್ಟು ಒಂದು ಇಟ್ಟರೆ ಇಲ್ಲದ ಛಾಯೆಯೊಂದು ಇದ್ದಂತೆ ತೋರುತ್ತದೆ. ಆಕಾಶಕ್ಕೆ, ದೊಡ್ಡ ಗೋಡೆಗೆ ಚೆನ್ನ. ಆದರೆ ಎದೆಯೇ ಆರು ಪಿಕ್ಸೆಲ್ ಅಗಲ ಇರುವವನಿಗೆ ಚೌಕಳಿ ಶರ್ಟು ತೊಡಿಸಿದ ಹಾಗಾಯಿತು. ನಡೆಸಿದರೆ ಇನ್ನೂ ಕಷ್ಟ. ಆ ಕಾಲದ ಎಲ್‌ಸಿಡಿ ನಿಧಾನ. ಹಿಂದಿನ ಫ್ರೇಮ್ ಅಳಿಯುವಷ್ಟರಲ್ಲಿ ಮುಂದಿನದು ಬಂದಿರುತ್ತದೆ, ಎಲ್ಲ ಕಲಸಿ ಮಂಕಾಗುತ್ತದೆ.

ನನಗೆ ಹಿಡಿಸಿದ್ದು ಖಡಕ್ ಅಂಚಿನ ನೆರಳು. ಗದ್ದದ ಕೆಳಗೆ ಎರಡು ಪಿಕ್ಸೆಲ್, ಟ್ರೇ ಅಡಿಯಲ್ಲಿ ಒಂದು ಸಾಲು, ಆಚೆ ಬದಿಯ ಕಾಲು ಪೂರ್ತಿ ಬೂದು. ಅಷ್ಟೇ. ತಲೆ ಬೇರೆ, ಮೈ ಬೇರೆ ಅಂತ ಕಂಡಿತು, ಟ್ರೇ ಕೈಯಿಂದ ಮೇಲೆದ್ದಿತು. ನಡೆಯುವಾಗ ಯಾವ ಕಾಲು ಮುಂದೆ ಅನ್ನುವುದೂ ಸ್ಪಷ್ಟ. ಒಂದು ಕಿರಿಕಿರಿ ಇದೆ. ಎಡಕ್ಕೆ ನಡೆಯುವ ಚಿತ್ರವನ್ನೇ ಯಂತ್ರ ತಿರುಗಿಸಿ ಬಲಕ್ಕೂ ಬಳಸುವುದು ರೂಢಿ, ಆಗ ಪಕ್ಕದ ಬೆಳಕೂ ಜೊತೆಗೇ ತಿರುಗುತ್ತದೆ. ಅದಕ್ಕೆ ಬೆಳಕನ್ನು ನೇರ ನೆತ್ತಿಗೆ ತಂದುಬಿಟ್ಟೆ. ಮುಂಬಯಿ ಮಧ್ಯಾಹ್ನ, ಯಾರು ಕೇಳ್ತಾರೆ?

ಗೇಮ್ ಬಾಯ್ ಅಡ್ವಾನ್ಸ್ ಸ್ಟೈಲಾದರೆ ಮಾತೇ ಬೇರೆ. 2001ರ ಆ ಯಂತ್ರದಲ್ಲಿ ಒಂದು ಸಣ್ಣ ಪ್ಯಾಲೆಟ್ಟಿಗೆ ಪಾರದರ್ಶಕ ಬಿಟ್ಟು 15 ಬಣ್ಣ. ಇಲ್ಲಿ ಹ್ಯೂ ಶಿಫ್ಟಿಂಗ್ ಗೆಲ್ಲುತ್ತದೆ. ಕಂದು ಮೈಗೆ ಕಪ್ಪು ಬೆರೆಸುವ ಬದಲು ನೆರಳನ್ನು ಮರೂನ್ ಕಡೆಗೆ, ಬೆಳಕನ್ನು ಹಳದಿ ಕಡೆಗೆ ಸರಿಸಿದೆ. ಶರ್ಟಿನ ಮಡಿಕೆಗೆ ತಿಳಿ ನೀಲಿ. ಮುಖಕ್ಕೆ ಜೀವ ಬಂತು. ನೆರಳಿನ ಜಾಗ ಮಾತ್ರ ಖಡಕ್ ಅಂಚಿನದ್ದೇ, ಬದಲಾಗಿದ್ದು ಬಣ್ಣ ಅಷ್ಟೇ.

ಇದು ಮೊಬೈಲಿನಲ್ಲಿ ಕಂಡ ಚಂದ. ಮೊದಲ ಅಡ್ವಾನ್ಸ್‌ನ ಪರದೆಗೆ ಒಳಗಿನಿಂದ ಬೆಳಕೇ ಇಲ್ಲ, ಅಲ್ವಾ? ಅದರಲ್ಲಿ ಮರೂನ್ ಹೋಗಿ ಔಟ್‌ಲೈನಿಗೆ ಅಂಟಿಕೊಂಡಿತು. ಈಗ ಅದನ್ನು ಎರಡು ಮೆಟ್ಟಿಲು ತಿಳಿ ಮಾಡಿದ್ದೇನೆ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಇರುವುದೇ 32 ಮೆಟ್ಟಿಲು, ಅದಕ್ಕಿಂತ ನಾಜೂಕಾಗಿ ಬದಲಿಸಿದರೆ ಯಂತ್ರಕ್ಕೆ ಗೊತ್ತೂ ಆಗಲ್ಲ.