ಬೇರ್ಷೆಬದ ಬಾವಿ: ಆಣೆ ಇಟ್ಟ ಜಾಗಕ್ಕೆ ಎರಡು ಸಲ ಹೋಗಿ ಬಂದೆ

ಬೈಬಲಿನ ಬೇರ್ಷೆಬದ ಹಳೇ ಊರಿನ ದಿಬ್ಬ ಇರುವ, ಇಸ್ರೇಲಿನ ತೆಲ್ ಬೇರ್ ಶೆವಾ ರಾಷ್ಟ್ರೀಯ ಉದ್ಯಾನಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲು ಟೂರ್ ಬಸ್ಸಿನಲ್ಲಿ, ಆಮೇಲೆ ಒಬ್ಬಳೇ. ಎರಡು ಸಲವೂ ನೋಡಿದ್ದು ಒಂದೇ ಜಾಗ ಅಂತ ಈಗಲೂ ಅನಿಸುವುದಿಲ್ಲ.

ನಾನು ಇಸ್ರೇಲಿನಲ್ಲಿ ವಯಸ್ಸಾದ ಒಬ್ಬರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಅವರನ್ನು ಸಾವ್ತಾ ಎಂದೇ ಕರೆಯುವುದು. ಹೀಬ್ರೂವಿನಲ್ಲಿ ಅಜ್ಜಿ ಎಂದರ್ಥ. ವಾರಕ್ಕೆ ಒಂದು ದಿನ ರಜೆ. ಆ ರಜೆಯಲ್ಲಿ ಬೈಬಲಿನ ಜಾಗಗಳನ್ನು ಒಂದೊಂದಾಗಿ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅದರಲ್ಲೂ ಒಡಂಬಡಿಕೆಯಿಂದಲೇ ಹೆಸರು ಬಂದ ಜಾಗಗಳು. ಯಾಕೋಬ ಮತ್ತು ಅವನ ಮಾವ ಲಾಬಾನ ಕಲ್ಲು ಕುಪ್ಪೆ ಹಾಕಿ ಮಾತು ಕೊಟ್ಟುಕೊಂಡ ಗಲೇದ್ ಅಂಥದ್ದೇ ಒಂದು. ಸಾಕ್ಷಿಯ ಕುಪ್ಪೆ ಎಂದು ಅದರ ಅರ್ಥ. ಲಾಬಾನ ತನ್ನ ಅರಾಮ್ಯ ಭಾಷೆಯಲ್ಲಿ ಬೇರೆ ಹೆಸರಿಟ್ಟ, ಯಾಕೋಬ ತನ್ನ ಭಾಷೆಯಲ್ಲಿ ಗಲೇದ್ ಎಂದ. ಆದರೆ ಅದು ಯೋರ್ದಾನ್ ಹೊಳೆಯ ಆಚೆಗೆ, ಗಿಲ್ಯಾದಿನ ಬೆಟ್ಟಗಳಲ್ಲಿ. ಇದೇ ಆ ಕುಪ್ಪೆ ಅಂತ ಇವತ್ತು ತೋರಿಸುವುದಕ್ಕೆ ಯಾರಿಂದಲೂ ಆಗುವುದಿಲ್ಲ. ಬೇರ್ಷೆಬಕ್ಕಾದರೆ ರೈಲು ಹತ್ತಿ ಹೋಗಬಹುದು.

ಟೂರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದೇ ದಿನದಲ್ಲಿ ಮಸಾದಾ ಕೋಟೆ, ಉಪ್ಪು ಸಮುದ್ರ (ಮೃತ ಸಮುದ್ರ), ಬೇರ್ಷೆಬ ಮೂರೂ ತೋರಿಸುತ್ತೇವೆ ಎಂದಿದ್ದರು. ಇಲ್ಲಿಗೆ ಬರುವಾಗ ಎಲ್ಲರೂ ಸುಸ್ತಾಗಿದ್ದರು. ಸಿಕ್ಕಿದ್ದು ನಲವತ್ತು ನಿಮಿಷ. ಗೈಡ್ ನಮ್ಮನ್ನು ನೇರವಾಗಿ ಮೇಲಿನ ವೀಕ್ಷಣಾ ಗೋಪುರಕ್ಕೆ ಕರೆದುಕೊಂಡು ಹೋದರು, ಫೋಟೋ ತೆಗೆಸಿದರು, ವಾಪಸ್ ಬಸ್ ಹತ್ತಿಸಿದರು. ಬಾವಿಯ ಹತ್ತಿರ ನಿಂತು ಈ ಹೆಸರು ಯಾಕೆ ಬಂತು ಎಂದು ಕೇಳಿದೆ. "ಏಳರ ಬಾವಿ" ಎಂದಷ್ಟೇ ಹೇಳಿ ಮುಂದೆ ನಡೆದುಬಿಟ್ಟರು. ಬೇಸರವಾಯಿತು. ಅಷ್ಟು ದೂರ ಬಂದವರಿಗೆ ಅರ್ಧ ಅರ್ಥ ಕೊಟ್ಟು ಕಳಿಸಬಾರದು ಅಲ್ವಾ?

ಉಳಿದ ಅರ್ಧ ಸಿಕ್ಕಿದ್ದು ಸಾವ್ತಾ ಹತ್ತಿರ. ರಾತ್ರಿ ಮಾತ್ರೆ ಎಣಿಸಿ ಕೊಡುವಾಗ ಇದೇ ಪ್ರಶ್ನೆ ಕೇಳಿದೆ. ಅವರು ಬೆರಳು ಮಡಚಿ ಹೇಳಿದರು. ಬೆಏರ್ ಅಂದರೆ ಬಾವಿ. ಶೆವಾ ಅಂದರೆ ಏಳು. ಶ್ವುಆ ಅಂದರೆ ಆಣೆ. ಶಾವುಆ ಅಂದರೆ ವಾರ. ಕೊನೆಯ ಮೂರಕ್ಕೂ ಒಂದೇ ಮೂರು ಅಕ್ಷರ: ಶಿನ್, ಬೆತ್, ಆಯಿನ್. ಹಾಗಾಗಿ ಏಳರ ಬಾವಿ ಎಂದರೂ ಸರಿ, ಆಣೆಯ ಬಾವಿ ಎಂದರೂ ಸರಿ. ಆರು ವರ್ಷದಿಂದ ದಿನಾ ನನ್ನ ಬಾಯಲ್ಲಿ ಬರುವ ಮಾತುಗಳು. ಒಂದಕ್ಕೊಂದು ನಂಟು ಇದೆ ಅಂತ ಆವತ್ತೇ ಗೊತ್ತಾಗಿದ್ದು.

ಆಮೇಲೆ ಕನ್ನಡ ಬೈಬಲ್ ತೆಗೆದು ಆದಿಕಾಂಡ 21 ಮತ್ತೆ ಓದಿದೆ. ಅಬ್ರಹಾಮ ತೋಡಿಸಿದ ಬಾವಿಯನ್ನು ಅಬೀಮೆಲೆಕ ರಾಜನ ಆಳುಗಳು ಕಿತ್ತುಕೊಂಡಿದ್ದರು. ಅಬ್ರಹಾಮ ಆ ದೂರನ್ನು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾನೆ. ನನಗೆ ಇದು ಗೊತ್ತೇ ಇರಲಿಲ್ಲ ಎನ್ನುತ್ತಾನೆ ಅಬೀಮೆಲೆಕ. ಅಬ್ರಹಾಮ ಏಳು ಹೆಣ್ಣು ಕುರಿಮರಿಗಳನ್ನು ಬೇರೆಯಾಗಿ ನಿಲ್ಲಿಸುತ್ತಾನೆ. ಇವನ್ನು ನೀನು ತೆಗೆದುಕೊಂಡರೆ ಬಾವಿ ನಾನು ತೋಡಿಸಿದ್ದು ಅನ್ನುವುದಕ್ಕೆ ಅದೇ ಸಾಕ್ಷಿ ಎನ್ನುತ್ತಾನೆ. ಇಬ್ಬರೂ ಆಣೆ ಇಡುತ್ತಾರೆ. ಏಳೂ ಅಲ್ಲೇ ಇದೆ, ಆಣೆಯೂ ಅಲ್ಲೇ ಇದೆ.

ಎರಡನೇ ಸಲ ಭಾನುವಾರ ಹೊರಟೆ. ಶನಿವಾರ ಹಗಲು ಇಲ್ಲಿ ರೈಲು ಓಡುವುದಿಲ್ಲ, ಆ ದಿನ ಪ್ಲಾನ್ ಮಾಡಬೇಡಿ. ತೆಲ್ ಅವೀವ್‌ನಿಂದ ಒಂದು ಗಂಟೆಗೂ ಸ್ವಲ್ಪ ಜಾಸ್ತಿ. ಬೇರ್ಷೆಬ ಊರಿನಿಂದ ದಿಬ್ಬ ಪೂರ್ವಕ್ಕೆ ಕೆಲವೇ ಕಿಲೋಮೀಟರ್, ಟ್ಯಾಕ್ಸಿ ಹಿಡಿದೆ. ಟಿಕೆಟ್ ಇಪ್ಪತ್ತು ಶೆಕೆಲ್ ಒಳಗೇ ಆಯಿತು. ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ನೆಗೆವ್ ಮರುಭೂಮಿಯ ಬಿಸಿಲು ಹತ್ತು ಗಂಟೆಗೆಲ್ಲ ತಲೆ ಸುಡುತ್ತದೆ, ಮೇಲೆ ನೆರಳು ಕಡಿಮೆ.

ಬಾವಿ ಇರುವುದು ಹಳೇ ಊರಬಾಗಿಲಿನ ಹೊರಗೆ. ಆಳ ಸುಮಾರು 69 ಮೀಟರ್. ಇಪ್ಪತ್ತು ಮಹಡಿಯ ಕಟ್ಟಡವನ್ನು ತಲೆಕೆಳಗಾಗಿ ನೆಲದೊಳಗೆ ಇಳಿಸಿದಷ್ಟು. ಬಗ್ಗಿ ನೋಡಿದೆ, ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ. ಇಷ್ಟು ಆಳ ಕಲ್ಲು ಕಡಿದವರು ಅದನ್ನು ಸುಮ್ನೆ ಬಿಟ್ಟುಕೊಡುತ್ತಾರಾ? ಬಾವಿಗಾಗಿ ಅಬ್ರಹಾಮ ರಾಜನ ಎದುರು ನಿಂತು ಯಾಕೆ ದೂರು ಹೇಳಿದ ಅಂತ ಅಲ್ಲಿ ನಿಂತಾಗ ನನಗೆ ಅರ್ಥವಾಯಿತು. ಹತ್ತಿರವೇ ಒಂದು ಏಶೆಲ್ ಮರ ಇದೆ. ಆಣೆ ಆದಮೇಲೆ ಅಬ್ರಹಾಮ ನೆಟ್ಟ ಮರವೂ ಏಶೆಲ್ಲೇ, ಕನ್ನಡ ಬೈಬಲಿನಲ್ಲಿ ಪಿಚುಲವೃಕ್ಷ ಎಂದಿದೆ. ಅದರ ತೆಳು ನೆರಳಿನಲ್ಲಿ ಅರ್ಧ ಗಂಟೆ ಕೂತೆ.

ಇದೇ ಅಬ್ರಹಾಮನ ಬಾವಿ ಎಂದು ನಂಬಿ ಹೋಗುವವರಿಗೆ ಒಂದು ಮಾತು. ಅಗೆದವರು ಇದನ್ನು ಅಷ್ಟು ಹಳೆಯದು ಎಂದು ಹೇಳುವುದಿಲ್ಲ. ಇಲ್ಲಿ ಕಾಣುವ ಬೀದಿ, ಮನೆ, ಕೋಟೆ ಬಹುಪಾಲು ಯೆಹೂದದ ರಾಜರ ಕಾಲದ್ದು. ಹೊಸ ಊರಿನ ಒಳಗೆ ಅಬ್ರಹಾಮನ ಬಾವಿ ಎಂದೇ ತೋರಿಸುವ ಬೇರೆ ಜಾಗವೂ ಇದೆ. ನನಗೆ ಇದರಿಂದ ಏನೂ ಕಡಿಮೆ ಅನಿಸಲಿಲ್ಲ. ಹೆಸರು ಉಳಿದಿದೆ, ನೀರಿಗಾಗಿ ಪಟ್ಟ ಪಾಡು ಕಣ್ಣೆದುರಿಗಿದೆ.

ಒಳಗೆ ನೋಡಲು ಇನ್ನೂ ಇದೆ. 1969ರಿಂದ 1976ರವರೆಗೆ ಯೋಹಾನಾನ್ ಅಹರೋನಿ ಅವರ ತಂಡ ಇಲ್ಲಿ ಅಗೆಯಿತು. ನಾಲ್ಕು ಮೂಲೆಗೆ ಕೊಂಬಿರುವ ಬಲಿಪೀಠದ ಕಲ್ಲುಗಳು ಒಂದು ಉಗ್ರಾಣದ ಗೋಡೆಯೊಳಗೆ ಸಿಕ್ಕಿದವು. ಯಾರೋ ಪೀಠವನ್ನು ಬಿಚ್ಚಿ ಕಲ್ಲನ್ನು ಗೋಡೆಗೆ ಹಾಕಿದ್ದರು. ಇಲ್ಲಿರುವುದು ಅದರ ಪ್ರತಿರೂಪ, ಮೂಲ ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿದೆ. 2005ರಲ್ಲಿ ಮೆಗಿದ್ದೋ, ಹಾಚೋರ್ ದಿಬ್ಬಗಳ ಜೊತೆ ಇದನ್ನೂ ಯುನೆಸ್ಕೋ ವಿಶ್ವ ಪರಂಪರೆಗೆ ಸೇರಿಸಿತು.

ತಪ್ಪಿಸಬಾರದ್ದು ನೀರಿನ ವ್ಯವಸ್ಥೆ. ಹೆಲ್ಮೆಟ್ ಹಾಕಿಕೊಂಡು ಮೆಟ್ಟಿಲು ಇಳಿಯಬೇಕು. ಹೊಳೆಗೆ ಪ್ರವಾಹ ಬಂದಾಗ ಆ ನೀರನ್ನು ಒಳಗೆ ತಿರುಗಿಸಿ ನೆಲದಡಿಯ ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು. ಮುತ್ತಿಗೆ ಬಿದ್ದರೂ ಊರಿಗೆ ನೀರು ಇರಬೇಕಲ್ಲ. ಒಳಗೆ ತಂಪು, ಗಾರೆಯ ಗೋಡೆ ಮುಟ್ಟಿ ನೋಡಬಹುದು. ಮೆಟ್ಟಿಲು ಕಡಿದಾಗಿವೆ, ಮಂಡಿ ನೋವಿರುವವರು ಇಳಿಯದೆ ಬಂದ ದಾರಿಯಲ್ಲೇ ವಾಪಸ್ ಬನ್ನಿ.

ನನ್ನ ಲೆಕ್ಕದಲ್ಲಿ ಐದಕ್ಕೆ ಐದು. ಆದರೆ ಎರಡು ಗಂಟೆ ಇಟ್ಟುಕೊಳ್ಳಿ, ಸಾಧ್ಯವಾದರೆ ಒಬ್ಬರೇ ಹೋಗಿ. ನೀರು ಜಾಸ್ತಿ ತೆಗೆದುಕೊಂಡು ಹೋಗಿ. ಮತ್ತೆ, ಮೊದಲೇ ಗೋಪುರ ಹತ್ತಬೇಡಿ. ಬಾವಿಯ ಹತ್ತಿರ ಕೂತು ಆದಿಕಾಂಡ 26 ಓದಿ. ಅಬ್ರಹಾಮನ ಮಗ ಇಸಾಕನ ಆಳುಗಳು ತೋಡಿದ ಬಾವಿಗಳ ಹೆಸರು ವರಸೆಯಾಗಿ ಬರುತ್ತವೆ. ಮೊದಲನೆಯದು ಏಸೆಕ್, ಜಗಳ. ಎರಡನೆಯದು ಸಿಟ್ನಾ, ಹಗೆ. ಮೂರನೆಯದಕ್ಕೆ ಜಗಳವಿಲ್ಲ, ರೆಹೋಬೋತ್, ಜಾಗ ಸಿಕ್ಕಿತು ಎಂದರ್ಥ. ಆಮೇಲೆ ಅಬೀಮೆಲೆಕ ತಾನೇ ಹುಡುಕಿಕೊಂಡು ಬರುತ್ತಾನೆ. ಊಟ ಮಾಡುತ್ತಾರೆ, ಬೆಳಗ್ಗೆ ಎದ್ದು ಒಬ್ಬರಿಗೊಬ್ಬರು ಆಣೆ ಇಡುತ್ತಾರೆ, ಸಮಾಧಾನವಾಗಿ ಬೀಳ್ಕೊಡುತ್ತಾರೆ. ಅದೇ ದಿನ ಆಳುಗಳು ಬಂದು ಹೇಳುತ್ತಾರೆ, ನೀರು ಸಿಕ್ಕಿತು ಎಂದು.