ಹೋಸ್ಟಿಂಗ್ ಬದಲಿಸಿದ ಮೇಲೆ ಹಳೆಯ ಸರ್ವರ್ ನಿಮ್ಮ ಮೇಲ್‌ಗಳನ್ನು ನುಂಗೀತು, ಎಚ್ಚರ

ವೆಬ್‌ಸೈಟ್ ಹೊಸ ಹೋಸ್ಟಿಂಗ್ ಕಂಪನಿಗೆ (ಸೈಟ್, ಮೇಲ್ ಇಡಲು ಸರ್ವರ್ ಬಾಡಿಗೆಗೆ ಕೊಡುವವರು) ಹೋಯಿತು, ಪುಟಗಳು ತೆರೆದುಕೊಳ್ಳುತ್ತಿವೆ, ಜಿಮೇಲ್‌ನಿಂದ ಕಳಿಸಿದ ಪರೀಕ್ಷಾ ಮೇಲ್ ಕೂಡ ಬಂದು ಬಿತ್ತು ಎಂದು ನಿರಾಳವಾಗಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ಮುದ್ರಣಾಲಯದ ಡೊಮೇನ್ ಸ್ಥಳಾಂತರಿಸಿದಾಗ ಇವೆಲ್ಲವೂ ಸರಿಯಾಗಿಯೇ ಇದ್ದವು. ಬಾರದೆ ಹೋದದ್ದು ನಮ್ಮ ಲೆಕ್ಕಪರಿಶೋಧಕರ ಮೇಲ್‌ಗಳು, ಜೊತೆಗೆ ಕಾಗದ ಪೂರೈಸುವವರದ್ದು. ಅವರ ಕಡೆ ಮೇಲ್ ಹೋಗಿದೆ ಎಂದೇ ತೋರಿಸುತ್ತಿತ್ತು. ತಲುಪಲಿಲ್ಲವೆಂದು ಅವರಿಗೆ ಮರಳಿರಲಿಲ್ಲ, ನಮ್ಮ ಸ್ಪ್ಯಾಮ್‌ನಲ್ಲೂ ಇರಲಿಲ್ಲ.

ಹೊಸ ಕಂಪನಿಯ ಸಹಾಯವಾಣಿಯ ಉತ್ತರ ಒಂದೇ: ‘ಡಿಎನ್‌ಎಸ್ ಹರಡಲು 48 ಗಂಟೆ ಬೇಕು, ಕಾಯಿರಿ.’ ಡಿಎನ್‌ಎಸ್ ಅಂದರೆ ಯಾವ ಡೊಮೇನ್ ಯಾವ ಸರ್ವರಿನಲ್ಲಿದೆ ಎಂದು ಹೇಳುವ ಅಂತರ್ಜಾಲದ ವಿಳಾಸಪುಸ್ತಕ. ನಮ್ಮ ಡೊಮೇನಿನ ಆ ವಿವರ ಇಟ್ಟುಕೊಂಡಿರುವ ನೇಮ್‌ಸರ್ವರ್ ಬದಲಾದಾಗ ಸುದ್ದಿ ಎಲ್ಲೆಡೆ ತಲುಪಲು ಎರಡು ದಿನ ಹಿಡಿಯಬಹುದು, ನಿಜ. ಆದರೆ ವಾರ ಕಳೆದ ಮೇಲೂ ಹರಡುತ್ತಲೇ ಇರಲು ಅದೇನು ಸಾಂಕ್ರಾಮಿಕ ರೋಗವೇ? ಆ ಹೊತ್ತಿಗೆ ಎಂಎಕ್ಸ್ ದಾಖಲೆ (ಡೊಮೇನಿನ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್ ನಮೂದು) ಎಲ್ಲಿಂದ ವಿಚಾರಿಸಿದರೂ ಹೊಸ ಸರ್ವರನ್ನೇ ತೋರಿಸುತ್ತಿತ್ತು.

ಸುಳಿವು ಸಿಕ್ಕಿದ್ದು ಬೇರೆ ಕಡೆ. ಮೇಲ್ ತಲುಪದ ಆ ಇಬ್ಬರ ಡೊಮೇನ್‌ಗಳೂ ನಾವು ಬಿಟ್ಟು ಬಂದ ಕಂಪನಿಯಲ್ಲೇ, ಅದೇ ಸರ್ವರಿನಲ್ಲೇ ಇದ್ದವು. ಹತ್ತಾರು ಗ್ರಾಹಕರು ಹಂಚಿಕೊಳ್ಳುವ ಇಂಥ ಸರ್ವರ್, ತನ್ನ ಸ್ಥಳೀಯ ಪಟ್ಟಿಯಲ್ಲಿರುವ ಡೊಮೇನಿಗೆ ಮೇಲ್ ಹೊರಟರೆ ಎಂಎಕ್ಸ್ ಕೇಳುವ ಗೋಜಿಗೇ ಹೋಗುವುದಿಲ್ಲ; ನೇರವಾಗಿ ತನ್ನಲ್ಲಿರುವ ಪೆಟ್ಟಿಗೆಗೆ ಹಾಕಿಬಿಡುತ್ತದೆ. ಅದರ ಮಟ್ಟಿಗೆ ವಿತರಣೆ ಯಶಸ್ವಿ. ಹಾಗಾಗಿ ದೋಷದ ಸಂದೇಶ ಯಾರಿಗೂ ಬರುವುದಿಲ್ಲ.

ಹಳೆಯ ಸರ್ವರಿನ ಸ್ವಂತ ವಿಳಾಸದಿಂದ ವೆಬ್‌ಮೇಲ್ ತೆರೆದರೆ ಎಲ್ಲವೂ ಅಲ್ಲಿದ್ದವು, ಓದದ ಮೇಲ್‌ಗಳ ದಪ್ಪಕ್ಷರದ ಸಾಲು. ಜಿಎಸ್‌ಟಿ ರಿಟರ್ನ್‌ಗೆ ಖರೀದಿ ಬಿಲ್ಲುಗಳನ್ನು ಕೇಳಿ ಲೆಕ್ಕಪರಿಶೋಧಕರು ಬರೆದ ಜ್ಞಾಪನೆಗಳು ಒಂದರ ಮೇಲೊಂದು. ಕೊನೆಯದರಲ್ಲಿ ‘ನಮಸ್ಕಾರ’ವೂ ಇರಲಿಲ್ಲ. ಅವುಗಳ ನಡುವೆ ಕಾಗದದ ದರಪಟ್ಟಿ, ಅದರ ಅವಧಿ ಮುಗಿದಿತ್ತು.

ಪರಿಹಾರಕ್ಕೆ ನಿಮಿಷವೂ ಬೇಕಾಗಲಿಲ್ಲ. ಹಳೆಯ ಖಾತೆಯ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ನಲ್ಲಿ ‘ಇಮೇಲ್ ರೂಟಿಂಗ್’ ತೆರೆದು ‘ಲೋಕಲ್ ಮೇಲ್ ಎಕ್ಸ್‌ಚೇಂಜರ್’ (ಮೇಲ್ ಇಲ್ಲೇ) ಎಂದಿದ್ದುದನ್ನು ‘ರಿಮೋಟ್’ (ಮೇಲ್ ಬೇರೆ ಸರ್ವರಿನಲ್ಲಿ) ಮಾಡಿದೆ, ಅಷ್ಟೇ. ಎರಡು ಕಂಪನಿಗಳ ತಂತ್ರಜ್ಞರಲ್ಲಿ ಒಬ್ಬರಾದರೂ ಇದನ್ನು ಹೇಳಬಹುದಿತ್ತು.

ಹೊರಹೋಗುವ ಮೇಲ್‌ಗಳ ಕಥೆ ಬೇರೆ. ಹೊಸ ಕಂಪನಿಯವರು ನಮ್ಮ ಹಳೆಯ ಎಸ್‌ಪಿಎಫ್ ದಾಖಲೆಯನ್ನು (ನಮ್ಮ ಹೆಸರಿನಲ್ಲಿ ಯಾವ ಸರ್ವರುಗಳು ಮೇಲ್ ಕಳಿಸಬಹುದು ಎಂಬ ಡಿಎನ್‌ಎಸ್ ಪಟ್ಟಿ) ತಿದ್ದುವ ಬದಲು ಪಕ್ಕದಲ್ಲಿ ಇನ್ನೊಂದನ್ನು ಸೇರಿಸಿದ್ದರು. ಒಂದು ಡೊಮೇನಿಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಎರಡಿದ್ದರೆ ಪರೀಕ್ಷೆಯೇ ದೋಷದಲ್ಲಿ ಮುಗಿಯುತ್ತದೆ. ಮೇಲ್ ನಮ್ಮದೇ ಎಂದು ಸಾಬೀತುಪಡಿಸುವ ಡಿಜಿಟಲ್ ಸಹಿ ಡಿಕಿಮ್; ಅದರ ಹೊಸ ಕೀಲಿಯನ್ನಂತೂ ಡಿಎನ್‌ಎಸ್‌ಗೆ ಹಾಕಿಯೇ ಇರಲಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ: ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಆ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂದು ಹೇಳುವ ದಾಖಲೆ) ಮೂರೂ ಬೇಕು, ನಮ್ಮಂಥ ಸಣ್ಣವರಿಗೂ ಮೊದಲೆರಡರಲ್ಲಿ ಒಂದಾದರೂ ಸರಿಯಿರಲೇಬೇಕು. ನಮ್ಮ ಕೊಟೇಶನ್‌ಗಳು 550 5.7.26 ಎಂಬ ಸಂಖ್ಯೆ ಹೊತ್ತು ಮರಳುತ್ತಿದ್ದವು. ಆ ಸಂಖ್ಯೆ ಕಂಡರೆ ಸಹಾಯವಾಣಿಗೆ ಫೋನ್ ಮಾಡುವ ಮೊದಲು ಎಸ್‌ಪಿಎಫ್, ಡಿಕಿಮ್ ಎರಡೂ ದಾಖಲೆಗಳನ್ನು ನೋಡಿ.

ಇನ್ನು ಹಳೆಯ ಖಾತೆಯ ಮಾತು. ದುಡ್ಡು ಉಳಿಯಲಿ ಎಂದು ಅದನ್ನು ತಕ್ಷಣ ಮುಚ್ಚಬೇಡಿ, ಅವಧಿ ಮುಗಿಯಲೂ ಬಿಡಬೇಡಿ. ಖಾತೆಯನ್ನು ಬರೀ ಸ್ಥಗಿತಗೊಳಿಸಿದರೆ ಡೊಮೇನ್ ಹೆಸರು ಆ ಸ್ಥಳೀಯ ಪಟ್ಟಿಯಲ್ಲಿ ಹಾಗೆಯೇ ಉಳಿಯಬಹುದು. ಆಗ ಒಳಗೆ ಹೋಗಿ ಬದಲಿಸಲು ನಿಮ್ಮಲ್ಲಿ ಲಾಗಿನ್ ಇರುವುದಿಲ್ಲ. ‘ನೀವು ಈಗ ನಮ್ಮ ಗ್ರಾಹಕರಲ್ಲ’ ಎನ್ನುವವರ ಬಳಿ ಬೇಡಿಕೊಳ್ಳಬೇಕಾಗುತ್ತದೆ. ಮೊದಲು ರೂಟಿಂಗ್ ಬದಲಿಸಿ, ಅಲ್ಲಿ ಉಳಿದ ಮೇಲ್‌ಗಳನ್ನು ಐಮ್ಯಾಪ್ (ಮೇಲ್ ತಂತ್ರಾಂಶವನ್ನು ಸರ್ವರಿಗೆ ಜೋಡಿಸುವ ವಿಧಾನ) ಮೂಲಕ ಇಳಿಸಿಕೊಳ್ಳಿ, ಡೊಮೇನನ್ನು ಸರ್ವರಿನಿಂದ ಪೂರ್ತಿ ತೆಗೆದಿದ್ದೇವೆ ಎಂದು ಅವರಿಂದ ಬರೆಸಿಕೊಳ್ಳಿ. ಖಾತೆ ಮುಚ್ಚುವುದು ಅದಾದ ನಂತರ.